ಹಳೆ ಗಾಡಿಗೆ ಹೊಸ ಮಡ್‌ಗಾರ್ಡ್, ಹೊಸ ಟೇಲ್ ಲೈಟ್: ನಾ ಮಾಡಿದ್ದು, ನಾ ತಪ್ಪಿದ್ದು



ಈ ಸಲ ತೊಗರಿ ಇಲ್ಲ, ಕಬ್ಬಿಲ್ಲ, ಎಣ್ಣಿ ಹೊಡೆಯೋ ಮಾತೂ ಇಲ್ಲ. ಗಾಡಿ ಮಾತು. ಹೊಲಕ್ಕ ಹೋಗೂದು ಬರೂದು ಎಲ್ಲಾ ಗಾಡಿ ಮ್ಯಾಲೇ ಇರೂದರಿಂದ ಇದೂ ಒಂದು ಒಕ್ಕಲುತನದ ಮಾತೇ ಅಂತ ತಿಳಕೊಂಡು ಓದ್ರಿ. ಸ್ವಲ್ಪ ಉದ್ದ ಆಗೈತಿ. ಸಂಜಿಮುಂದ ಕಟ್ಟಿ ಮ್ಯಾಲ ಕುಂತಾಗ ಓದ್ರಿ, ಅವಸರ ಇಲ್ಲ.

ನಂದು 2004ರ ಹೀರೋ ಹೋಂಡಾ ಸಿಡಿ ಡಾನ್. ಅಪ್ಪ ತಗೊಂಡ ಗಾಡಿ. ಕಿಕ್ ಹೊಡದ್ರ ಇವತ್ತಿಗೂ ಎರಡನೇ ಕಿಕ್ಕಿಗೆ ಚಾಲೂ ಆಗತೈತಿ. 2011ರಾಗ ಹೀರೋ ಬ್ಯಾರೆ, ಹೋಂಡಾ ಬ್ಯಾರೆ ಆಗಿ ಹೀರೋ ಮೋಟೋಕಾರ್ಪ್ ಅಂತ ಹೆಸರು ಬಂದ್ರೂ ನಮ್ಮೂರಾಗ ಇನ್ನೂ ಎಲ್ಲಾದಕ್ಕೂ ಹೀರೋ ಹೋಂಡಾನೇ ಅಂತಾರ. ಇಂಜಿನ್ ಬಗ್ಗೆ ನಂದೇನೂ ತಕರಾರಿಲ್ಲ. ತಕರಾರು ಇದ್ದದ್ದು ಹಿಂದಿನ ಭಾಗದ್ದು.

ನಮ್ಮ ಎರಿ ಮಣ್ಣಿನ ಗುಣ ನಿಮಗ ಹೇಳಬೇಕಾಗಿಲ್ಲ. ಮಳಿ ಬಿದ್ದ ಮರುದಿನ ಗಾಡಿ ಹೊಲದ ದಾರಿಗೆ ಇಳಸಿದ್ರ ನೂರು ಹೆಜ್ಜಿ ಹೋಗೂದ್ರಾಗ ಗಾಲಿಗೂ ಮಡ್‌ಗಾರ್ಡ್‌ಗೂ ನಡುವ ರಾಡಿ ತುಂಬಿ ಗಾಲಿ ತಿರಗೂದೇ ನಿಲ್ಲತೈತಿ. ಇಳದು ಕಟಗಿ ತಗೊಂಡು ಕೆದರೂದು, ಮತ್ತ ಐವತ್ತು ಹೆಜ್ಜಿ ಹೋಗೂದು. ಆ ರಾಡಿ ಅಲ್ಲೇ ಒಣಗಿ ಗಟ್ಟಿ ಆಗಿ ಕುಂಡರತೈತಿ. ನಾವು ಮ್ಯಾಲಿಂದ ಗಾಡಿ ತೊಳೀತೀವಿ, ಮಡ್‌ಗಾರ್ಡಿನ ಒಳಗ ಕೈ ಹಾಕಂಗಿಲ್ಲ. ಮಣ್ಣು ತೇವ ಹಿಡದಿಟ್ಟು ತಗಡನ್ನ ಒಳಗಿಂದ ಒಳಗೇ ತಿಂತೈತಿ. ಮ್ಯಾಲ ಬಣ್ಣ ಚೊಲೋ ಕಾಣಸತೈತಿ, ಒಳಗ ಜಂಗು. ಹಲ್ಲಿನ ಹುಳುಕು ಇದ್ದಂಗ.

ಹೋದ ವರ್ಷ ಮಾನ್ನಮಿ ಮುಂದ, ಬಿಳಿಜೋಳ ಬಿತ್ತೂ ಹೊತ್ತಿನ್ಯಾಗ, ಬೀಜದ ಚೀಲ ಹಿಂದ ಹೇರಿಕೊಂಡು ಬದುವು ಹತ್ತಸೂ ಮುಂದ ಕಟ್ ಅಂತು. ಸೀಟಿನ ಕೆಳಗಿನ ಬೋಲ್ಟಿನ ಸುತ್ತ ತಗಡು ಹರದಿತ್ತು. ಮಡ್‌ಗಾರ್ಡ್ ಜೋತು ಬಿತ್ತು, ಅದರ ಮ್ಯಾಲಿನ ಟೇಲ್ ಲೈಟು ಬರೀ ವೈರಿನ ಮ್ಯಾಲ ಜೋತಾಡಾಕ ಹತ್ತಿತು. ನಾ ಏನು ಮಾಡಿದೆ? ನಾವು ಎಲ್ಲಾರೂ ಮಾಡೂದೇ ಮಾಡಿದೆ. ಬೈಂಡಿಂಗ್ ತಂತಿ ತಂದು ಬಿಗದು ಕಟ್ಟಿದೆ. ಲೈಟಿನ ವೈರು ಹರದಿದ್ದವು, ಅವನ್ನ ಹಂಗ ಬಿಟ್ಟೆ. ಬಿತ್ತಿಗಿ ಮುಗೀಲಿ, ನೋಡೂಣು ಅಂದೆ.

ಬಿತ್ತಿಗಿ ಮುಗೀತು. ಎಡಿ ಹೊಡೆಯೂದು ಮುಗೀತು. ತೊಗರಿ ಹೂ ಬಿಟ್ಟು ಕಾಯಿ ಹಿಡೀತು. ತಂತಿ ಹಂಗೇ ಇತ್ತು.

ಇನ್ನೊಂದು ಮಾತು ಈಗ ಒಪ್ಪಿಕೊಂಡೇ ಬಿಡ್ತೀನಿ. ಆ ಗಾಡಿ ಬ್ಯಾಟ್ರಿ ಸತ್ತು ಐದಾರು ವರ್ಷ ಆಗಿತ್ತು. ಈ ಹಳೆ ಗಾಡಿ ಚಾಲೂ ಆಗಾಕ ಬ್ಯಾಟ್ರಿ ಬೇಕಾಗಿಲ್ಲ. ಕಿಕ್ ಹೊಡದ್ರ ಮ್ಯಾಗ್ನೆಟ್ ತಿರಗಿ ಅದರ ಕರೆಂಟಿನ ಮ್ಯಾಲೇ ಸ್ಪಾರ್ಕ್ ಬರತೈತಿ. ಅದಕ್ಕ ನಾವು ಬ್ಯಾಟ್ರಿ ಹಾಕಸಂಗೇ ಇಲ್ಲ. ಹಾರ್ನ್ ಇಲ್ಲ, ಇಂಡಿಕೇಟರ್ ಇಲ್ಲ, ಬ್ರೇಕ್ ಲೈಟ್ ಇಲ್ಲ. ಗಾಡಿ ಓಡತೈತಲ್ಲಾ, ಸಾಕು ಅಂತೀವಿ. ನಮ್ಮೂರ ಕಟ್ಟಿ ಮುಂದ ನಿಂತ ಹಳೆ ಗಾಡಿ ಎಣಿಸಿ ನೋಡೀನಿ, ಹತ್ತರಾಗ ಆರಕ್ಕ ಬ್ಯಾಟ್ರಿ ಇಲ್ಲ.

ಎಳ್ಳ ಅಮಾಸಿ ದಿನ ನನ್ನ ಹೆಣ್ತಿ ತವರಮನಿಗೆ ಚರಗಕ್ಕ ಹೋಗಿದ್ವಿ. ಇಂಡಿ ತಾಲೂಕಿನ್ಯಾಗ ಅವರ ಹೊಲ. ನಿಂಬಿ ಗಿಡದ ನೆರಳಿಗೆ ಕುಂತು ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗಿ, ಎಲ್ಲಾ ಉಂಡು ಮಾತಾಡೂದ್ರಾಗ ಹೊತ್ತು ಮುಳುಗಿತು. "ಇವತ್ತ ಇಲ್ಲೇ ಇರ್ರಿ ಮಾಮಾ" ಅಂತ ಆಕಿ ತಮ್ಮ ಅಂದ. ದನಕ್ಕ ಮೇವು ಹಾಕೂವ್ರು ಯಾರೂ ಇಲ್ಲ ಅಂತ ನಾವು ಹೊಂಟ್ವಿ. ನಮ್ಮತ್ತಿ ಸ್ಟೀಲಿನ ಡಬ್ಬಿ ತುಂಬ ಹೋಳಿಗಿ ಕಟ್ಟಿ ಕೊಟ್ಟರು.

ಅಮಾಸಿ ಕತ್ತಲಿ. ಸಿಂದಗಿ ಕಡೆ ಬರೂ ದಾರಿ. ಕಬ್ಬಿನ ಹಂಗಾಮು ಜೋರಿತ್ತು, ಎರಡೆರಡು ಟ್ರೇಲರ್ ಹಚ್ಚಿದ ಟ್ರ್ಯಾಕ್ಟರ್ ಸಾಲಾಗಿ ಎದುರು ಬರಾಕ ಹತ್ತಿದ್ದವು. ಒಂದು ತೆಗ್ಗಿನ್ಯಾಗ ಗಾಡಿ ಇಳದಾಗ ತಂತಿ ಸಡಲಾಗಿ ಮಡ್‌ಗಾರ್ಡ್ ಗಾಲಿಗೆ ಹತ್ತಿ ಕರಕರ ಅನ್ನಾಕ ಹತ್ತಿತು. ರಸ್ತೆ ಬಾಜೂಕ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ನಾ ಬಗ್ಗಿ ತಂತಿ ಬಿಗಿ ಮಾಡಾಕ ಕುಂತೆ. ಹೆಣ್ತಿ ಒಂದು ಕೈಯಾಗ ಮೊಬೈಲ್ ಬ್ಯಾಟ್ರಿ ಹಿಡದು ಬೆಳಕು ತೋರಿಸಾಕ ಹತ್ತಿದ್ದಳು, ಇನ್ನೊಂದು ಕೈಯಾಗ ಡಬ್ಬಿ. ಬೆಳಕು ನನ್ನ ಕೈ ಮ್ಯಾಲ ಇತ್ತು, ರಸ್ತೆ ಕಡೆ ಅಲ್ಲ.

ಹಿಂದಿಂದ ಒಂದು ಲಾರಿ ಬಂತು. ಎದುರಿನಿಂದ ಟ್ರ್ಯಾಕ್ಟರಿನ ಲೈಟು ಅವನ ಕಣ್ಣಿಗೆ ಹೊಡೀತಿತ್ತು. ನಾ ತಲಿ ಎತ್ತೂದಕ್ಕೂ ಬ್ರೇಕಿನ ಸಪ್ಪಳ ಕೇಳೂದಕ್ಕೂ ಸರಿ ಹೋತು. ಲಾರಿ ನಮ್ಮನ್ನ ದಾಟಿ ಮುಂದ ಹೋಗಿ ನಿಂತಿತು. ಎಷ್ಟು ಹತ್ತಿರ ಹಾದಿತ್ತು ಅಂತ ನಾ ಬರಿಯಂಗಿಲ್ಲ, ಹೆಣ್ತಿ ಇದನ್ನ ಓದತಾಳ.

ಡ್ರೈವರ್ ಇಳದು ಓಡಿ ಬಂದ. ಬಯ್ಯಾಕ ಬಂದಾನ ಅಂದಕೊಂಡೆ. ವಯಸ್ಸಾದ ಮನಷ್ಯಾ, ಕೈ ನಡಗತಿದ್ದವು. "ತಮ್ಮಾ, ನೀವು ನನಗ ಕಾಣಲೇ ಇಲ್ಲೋ. ಆ ತಂಗಿ ಕೈಯಾಗಿನ ಡಬ್ಬಿ ಮಿಣಕ್ ಅಂತು, ಅದಕ್ಕ ತಿರಿಗಿಸಿದೆ" ಅಂದ. ಇಷ್ಟೇ ಅಂದ. ನೀರು ಕೇಳಿ ಕುಡದ, ತಾ ಹೋಗೂ ಮೊದಲ ನಮ್ಮ ಗಾಡಿ ಚಾಲೂ ಆಗೂತನಾ ನಿಂತು ನೋಡಿದ, ಹೋದ.

ಮನಿ ಮುಟ್ಟೂತನಾ ಆಕಿ ಒಂದೂ ಮಾತು ಆಡಲಿಲ್ಲ. ಮನ್ಯಾಗ ಡಬ್ಬಿ ಇಟ್ಟು ಅಂದ್ಲು: "ನೋಡ್ರಿ, ಹೊಲಕ್ಕ ನಡಕೊಂಡು ಬರತೀನಿ. ಇದರ ಮ್ಯಾಲ ಮಾತ್ರ ಇನ್ನ ಹತ್ತಂಗಿಲ್ಲ. ಮಗನೂ ಇದ ಗಾಡಿ ಮ್ಯಾಲ ಕಾಲೇಜಿಗೆ ಹೋಗಿ ಕತ್ತಲಾದ ಮ್ಯಾಲ ಬರತಾನ. ಅದನ್ನ ಒಂದೀಟು ವಿಚಾರ ಮಾಡ್ರಿ."

ವಿಚಾರ ಮಾಡಿದೆ. ರಾತ್ರಿ ಪೂರ್ತಿ ಅದೇ ಆತು. ಮುಂದಿನ ಲೈಟು ಹೋದ್ರ ನಾವು ಮರುದಿನಾನೇ ರಿಪೇರಿ ಮಾಡಸತೀವಿ, ಯಾಕಂದ್ರ ದಾರಿ ಕಾಣಂಗಿಲ್ಲ. ಹಿಂದಿನ ಲೈಟು ಹೋದ್ರ ನಮಗ ಗೊತ್ತೇ ಆಗಂಗಿಲ್ಲ, ಗೊತ್ತಾದ್ರೂ ತ್ರಾಸ ಇಲ್ಲ. ಮುಂದಿನ ದೀಪ ನಮಗ, ಹಿಂದಿನ ದೀಪ ಮಂದಿಗೆ. ಆದ್ರ ಜೀವ ಉಳಸೂದು ಆ ಮಂದಿಗೆ ಇರೂ ದೀಪಾನೇ. ಆ ದಿನ ನಮ್ಮ ಗಾಡಿ ಮಾಡಬೇಕಾದ ಕೆಲಸ ನಮ್ಮತ್ತಿ ಕೊಟ್ಟ ಡಬ್ಬಿ ಮಾಡಿತು.

ಹೊಸ ಗಾಡಿ ತಗೋಳೂ ಹಂಗಿರಲಿಲ್ಲ. ಬೋರಿನ ಸಾಲ ಇನ್ನೂ ಐತಿ. ಅದಕ್ಕ ಇದನ್ನೇ ಸರಿ ಮಾಡೂದು ಅಂತ ಹೊಂಟೆ.

ಸಾಮಾನು ಹುಡುಕಿದ್ದು

ಸಿಂದಗಿಯೊಳಗ ಈ ಮಾಡೆಲ್ಲಿನ ಕಂಪನಿ ಮಡ್‌ಗಾರ್ಡ್ ಸಿಗಲಿಲ್ಲ. ಲೋಕಲ್ ಮಾಲು ಇತ್ತು. ಬೆರಳಿಲೆ ಒತ್ತಿದ್ರ ತಗ್ಗು ಬೀಳತಿತ್ತು, ಎರಿ ಹೊಲಕ್ಕ ಅದು ಒಂದು ಮಳಿಗಾಲ ಬಾಳಂಗಿಲ್ಲ. ಮಿಸ್ತ್ರಿ ಹೇಳಿದ: "ಅಣ್ಣಾರ, ಇದೇ ಕಂಪನಿಯ ಹೊಸ ಗಾಡಿದು ಹಿಂದಿನ ಮಡ್‌ಗಾರ್ಡ್, ಲೈಟು, ಇಂಡಿಕೇಟರ್ ಎಲ್ಲಾ ಜೋಡಿ ಸಿಕ್ರ ತರ್ರಿ. ಸ್ವಲ್ಪ ಪಟ್ಟಿ ಬಡದು ಕೂಡಿಸಬಹುದು."

ವಿಜಯಪುರಕ್ಕ ಹೋಗಿ ಗುಜರಿ ಅಂಗಡ್ಯಾಗ ಹುಡುಕಿದೆ. ಮುಂದ ಗುದ್ದಿಸಿಕೊಂಡ ಗಾಡಿದು ಹಿಂದಿನ ಸಾಮಾನು ಚೊಲೋ ಇತ್ತು. ಮುಂದಿನ ಅರ್ಧ ತಗಡು, ನಂಬರ್ ಪ್ಲೇಟ್ ಕುಂಡರೂ ಹಿಂದಿನ ತುದಿ ಗಟ್ಟಿ ಪ್ಲಾಸ್ಟಿಕ್ಕು. ಲೈಟು ನಮ್ಮದಕ್ಕಿಂತ ದೊಡ್ಡದು. 700 ರೂಪಾಯಿಗೆ ಮಾತು ಮುಗೀತು. ಹಳೆ ಸಾಮಾನು ತಗೋಳೂ ಮುಂದ ಅಂಗಡಿಯಿಂದ ಚೀಟಿ ಬರಸಿಕೊಳ್ರಿ. ಕದ್ದ ಗಾಡಿ ಸಾಮಾನು ನಮ್ಮ ಗಾಡಿಗೆ ಬಂದ್ರ ಆಮ್ಯಾಲ ಉತ್ತರ ಕೊಡೂವ್ರು ನಾವು. ಲೈಟಿನ ಗಾಜು ಸೀಳಿಲ್ಲ ಅಂತ, ಒಳಗಿನ ಹೋಲ್ಡರ್ ಜಂಗು ಹಿಡದಿಲ್ಲ ಅಂತ ಬಿಚ್ಚಿ ನೋಡ್ರಿ. ಅದರ ವೈರು ಕತ್ತರಿಸಬ್ಯಾಡ ಅಂತ ಹೇಳ್ರಿ, ಎಷ್ಟು ಉದ್ದ ಇರತೈತೋ ಅಷ್ಟು ಚೊಲೋ.

ಕಾಯ್ದೆ ಮಾತು ಎರಡೇ ಸಾಲು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ಆರ್‌ಸಿಯೊಳಗಿನ ವಿವರಕ್ಕ ತಾಳೆ ಆಗದಂಗ ಗಾಡಿ ಬದಲು ಮಾಡಬಾರದು. ಅದಕ್ಕ ಇಂಜಿನ್, ಚಾಸಿ, ಬಣ್ಣ ಯಾವುದಕ್ಕೂ ನಾ ಕೈ ಹಚ್ಚಿಲ್ಲ. 1989ರ ಕೇಂದ್ರ ನಿಯಮದ 123ನೇದು ನಮಗ ಬೇಕಾದ್ದು: ಹಿಂದ ಕುಂತವರ ಬಟ್ಟಿ ಗಾಲ್ಯಾಗ ಸಿಗದಂಗ ಹಿಂದಿನ ಗಾಲಿಯ ಅರ್ಧಕ್ಕ ಕಮ್ಮಿ ಆಗದಂಗ ಮುಚ್ಚಿರಬೇಕು, ಹಿಡಕಿ ಇರಬೇಕು, ಕಾಲಿಡಾಕ ಜಾಗ ಇರಬೇಕು. ನಾವು ಮೇವಿನ ಸೂಡಿಗೆ ಅಡ್ಡ ಆಗತೈತಿ ಅಂತ ಸೀರಿ ಗಾರ್ಡ್ ಕಿತ್ತು ಒಗಿತೀವಿ. ಕೀಳಬ್ಯಾಡ್ರಿ. ಸೆರಗು ಗಾಲ್ಯಾಗ ಸಿಕ್ಕು ಬಿದ್ದವರನ್ನ ನಾವೆಲ್ಲಾ ನೋಡೀವಿ.

ಬಿಚ್ಚಿದ್ದು, ಕೂಡಿಸಿದ್ದು

ಹಿಂದಿನ ದಿನ ರಾತ್ರಿನೇ ಎಲ್ಲಾ ಬೋಲ್ಟಿಗೆ ಸೀಮೆಎಣ್ಣಿ, ಹಳೆ ಆಯಿಲ್ ಕೂಡಿಸಿ ಬಿಟ್ಟೆ. ಇಪ್ಪತ್ತು ವರ್ಷದ ಜಂಗು ಅದು, ಅವಸರ ಮಾಡಿ ಪಾನಾ ತಿರುವಿದ್ರ ಬೋಲ್ಟಿನ ತಲಿ ಮುರೀತೈತಿ. ಬೆಳಿಗ್ಗೆ ಮೊದಲ ಸೀಟು, ಆಮ್ಯಾಲ ಕ್ಯಾರಿಯರ್, ಸೀರಿ ಗಾರ್ಡ್, ನಂಬರ್ ಪ್ಲೇಟು ಬಿಚ್ಚಿದೆ. ಸೀಟಿನ ಕೆಳಗ ವೈರಿನ ಜೋಡಣಿ ಇರತಾವ. ಬಿಚ್ಚೂ ಮೊದಲ ಮೊಬೈಲಿನ್ಯಾಗ ನಾಕು ಕಡೆಯಿಂದ ಫೋಟೋ ಹೊಡಕೊಂಡೆ. ಇದೊಂದು ನಾ ಮಾಡಿದ ಶ್ಯಾಣ್ಯಾತನ.

ಹಳೆ ಮಡ್‌ಗಾರ್ಡ್ ಕೈಗೆ ಬಂದಾಗ ಒಳಗಿಂದ ಒಂದು ಬುಟ್ಟಿ ಮಣ್ಣು ಉದರಿತು. ಅದರಾಗ ಹೋದ ವರ್ಷದ ತೊಗರಿ ಹೊಟ್ಟೂ ಇತ್ತು. ತಗಡು ಬೆಳಕಿಗೆ ಹಿಡದ್ರ ಜರಡಿಯಂಗ ತೂತು.

ಹೊಸದರ ಎರಡು ತೂತು ನಮ್ಮ ಚಾಸಿ ತೂತಿಗೆ ಕೂಡಿದವು, ಹಿಂದಿನವು ಕೂಡಲಿಲ್ಲ. ವೆಲ್ಡಿಂಗ್ ಅಂಗಡ್ಯಾಗ ಎಲ್ ಆಕಾರದ ಎರಡು ಪಟ್ಟಿ ಮಾಡಿಸಿ ತೂತು ಹೊಡಸಿದೆ. ಗಾಡಿ ಮ್ಯಾಲೇ ವೆಲ್ಡಿಂಗ್ ಮಾಡತೀನಿ ಅಂದ ಹುಡುಗ, ಬ್ಯಾಡಂದೆ. ಗಾಡಿಗೆ ನೇರ ವೆಲ್ಡಿಂಗ್ ಹಿಡದ್ರ ಅದರ ಕರೆಂಟು ಸಿಡಿಐ, ರೆಕ್ಟಿಫೈಯರ್ ಸುಡೂ ಸಂಭವ ಇರತೈತಿ. ಪೆಟ್ರೋಲ್ ಟಾಕಿನೂ ಬಾಜೂಕೇ. ಪಟ್ಟಿ ಕೆಳಗ ಮಾಡಿ ತಂದು ಬೋಲ್ಟ್ ಹಾಕ್ರಿ.

ಇಲ್ಲಿ ನನ್ನ ಮೊದಲನೇ ತಪ್ಪು. ಗಾಡಿ ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಗಾಲಿಗೂ ಮಡ್‌ಗಾರ್ಡ್‌ಗೂ ನಡುವ ಜಾಗ ನೋಡಿದೆ. ಮೂರು ಬೆರಳು ಹಾಯತಿದ್ದವು. ಸಾಕು ಅಂತ ಬಿಗಿ ಮಾಡಿದೆ. ಮರುದಿನ ಗೊಬ್ಬರದ ಚೀಲ ಹೇರಿಕೊಂಡು ಹೊಂಟ್ರ ಮೊದಲನೇ ತೆಗ್ಗಿಗೇ ಕರ್ ಅಂತು. ಸ್ಟ್ಯಾಂಡ್ ಮ್ಯಾಲ ಇದ್ದಾಗ ಹಿಂದಿನ ಗಾಲಿ ಜೋತು ಬಿದ್ದಿರತೈತಿ. 50 ಕಿಲೋ ಚೀಲ, ಮ್ಯಾಲ ನಾ ಕುಂತ್ರ ಶಾಕಪ್ ಒತ್ತಿ ಗಾಲಿ ಮ್ಯಾಲ ಬರತೈತಿ. ಹೊಸ ಪ್ಲಾಸ್ಟಿಕ್ಕು ಒಂದೇ ದಿನಕ್ಕ ತಿಕ್ಕಿ ಗೆರಿ ಬಿದ್ದಿತ್ತು. ಪಟ್ಟಿ ಉದ್ದ ಆಗಿ ಮಡ್‌ಗಾರ್ಡ್ ಕೆಳಗ ಜೋತಿತ್ತು ಅಂತ ಆಗ ತಿಳೀತು. ಒಂದು ಬೆರಳು ಗಿಡ್ಡ ಮಾಡಿಸಿ ಮತ್ತ ಹಾಕಿದೆ.

ಅದಕ್ಕ ನೀವು ಹಿಂಗ ಮಾಡ್ರಿ: ಇಬ್ಬರನ್ನ ಸೀಟಿನ ಮ್ಯಾಲ ಕುಂಡರಿಸಿ, ಗಾಡಿ ಕುಕ್ಕರಸಾಕ ಹೇಳಿ, ಮೂರನೇದವರು ಬಗ್ಗಿ ನೋಡ್ರಿ. ಆ ಹೊತ್ತಿನ್ಯಾಗೂ ಕಮ್ಮಿ ಅಂದ್ರ ಎರಡು ಬೆರಳು ಜಾಗ ಉಳೀಬೇಕು. ಡಾಂಬರ್ ರಸ್ತೆಗೆ ಒಂದು ಬೆರಳೂ ಸಾಕು. ನಮ್ಮದು ಎರಿ. ಮುದ್ದೇಬಿಹಾಳ, ಬಾಗೇವಾಡಿ ಕಡೆ ಆಲಮಟ್ಟಿ ಕಾಲುವಿ ನೀರು ಹರಿಯೂ ಹೊಲದವ್ರಿಗೆ ಮಳಿ ಇಲ್ಲದಾಗೂ ದಾರ್ಯಾಗ ರಾಡಿ ಇರತೈತಿ. ಅವ್ರು ಇನ್ನೂ ಜಾಸ್ತಿ ಜಾಗ ಬಿಡ್ರಿ. ಶಾಕಪ್ ಸತ್ತಿದ್ರ ಮೊದಲ ಅದನ್ನ ನೋಡ್ರಿ, ಇಲ್ಲಂದ್ರ ಎಷ್ಟು ಪಟ್ಟಿ ಬಡದ್ರೂ ಗಾಲಿ ತಿಕ್ಕೂದು ಬಿಡಂಗಿಲ್ಲ.

ವೈರಿನ ಕತಿ

ಈ ಜಾತಿ ಗಾಡ್ಯಾಗ ವೈರಿನ ಬಣ್ಣ ಸಾಮಾನ್ಯವಾಗಿ ಹಿಂಗ ಇರತಾವ. ಕಂದು ಬಣ್ಣದ್ದು ಟೇಲ್ ಲೈಟಿಗೆ. ಹಸರ ಮ್ಯಾಲ ಹಳದಿ ಗೆರಿ ಇದ್ದದ್ದು ಬ್ರೇಕ್ ಲೈಟಿಗೆ. ಬರೀ ಹಸರು ಅರ್ಥ್. ಕಿತ್ತಳಿ ಬಣ್ಣದ್ದು ಎಡಗಡೆ ಇಂಡಿಕೇಟರ್, ತಿಳಿ ನೀಲಿ ಬಲಗಡೆದು. ಆದ್ರ ಇಪ್ಪತ್ತು ವರ್ಷದಾಗ ಯಾವ್ಯಾವ ಮಿಸ್ತ್ರಿ ಯಾವ ವೈರು ಎಲ್ಲಿ ಕೂಡಿಸ್ಯಾನೋ ದೇವರಿಗೇ ಗೊತ್ತು. ಬಣ್ಣ ನಂಬಬ್ಯಾಡ್ರಿ, ಒಂದು ಬಲ್ಬಿಗೆ ಎರಡು ವೈರು ಕಟ್ಟಿಕೊಂಡು ಹಚ್ಚಿ ನೋಡಿ ಕೂಡಿಸ್ರಿ.

ಕೂಡಿಸಿದೆ. ಕಿಕ್ ಹೊಡದು ಸ್ವಿಚ್ ಹಾಕಿದೆ. ಟೇಲ್ ಲೈಟು ಹತ್ತಲಿಲ್ಲ. ಹೊಸ ಬ್ಯಾಟ್ರಿ ಹಾಕಿದ್ದೆ, ಬ್ರೇಕ್ ಒತ್ತಿದ್ರ ಬ್ರೇಕ್ ಲೈಟು ಹತ್ತೂ ಬದಲಿ ಎರಡೂ ಇಂಡಿಕೇಟರ್ ಮಿಣಿಮಿಣಿ ಅಂದವು. ಬಲ್ಬ್ ಬದಲಿ ಮಾಡಿದೆ. ಸ್ವಿಚ್ ಬಿಚ್ಚಿದೆ. ಅರ್ಧ ದಿನ ಹೋತು. ತಲಿ ಕೆಟ್ಟು ಕುಂತಾಗ ನಮ್ಮ ಓಣಿಯ ಮೋಟರ್ ರಿವೈಂಡಿಂಗ್ ಮಾಡೂ ಕಾಕಾ ಬಂದ. ನೋಡಿದ, ನಕ್ಕ.

"ಏನೋ ತಮ್ಮಾ, ನ್ಯೂಟ್ರಲ್ ಇಲ್ಲದ ಬಲ್ಬ್ ಹತ್ತತಾವೇನು?"

ಹಂಗಂದ್ರ ಏನು ಅಂತ ನಿಮಗೂ ಹೇಳ್ತೀನಿ. ಹಳೆ ಮಡ್‌ಗಾರ್ಡ್ ಪೂರ್ತಿ ತಗಡು. ಲೈಟು ಅದಕ್ಕ ಬೋಲ್ಟ್ ಆಗಿತ್ತು, ಮಡ್‌ಗಾರ್ಡ್ ಚಾಸಿಗೆ ಬೋಲ್ಟ್ ಆಗಿತ್ತು. ಬಲ್ಬಿಗೆ ಹೋದ ಕರೆಂಟು ತಗಡಿನ ಮ್ಯಾಲೇ ತಿರಗಿ ಬರತಿತ್ತು. ಹೊಸದರ ತುದಿ ಪ್ಲಾಸ್ಟಿಕ್ಕು, ಕರೆಂಟಿಗೆ ತಿರಗಿ ಬರಾಕ ದಾರಿನೇ ಇಲ್ಲ. ಹಸರು ವೈರು ಬೇಕೇ ಬೇಕು. ಅದನ್ನ ನಾ "ಇದೊಂದು ಹೆಚ್ಚಿಂದು" ಅಂತ ಹಂಗೇ ಬಿಟ್ಟಿದ್ದೆ! ದಾರಿ ಸಿಗದ ಕರೆಂಟು ಇಂಡಿಕೇಟರ್ ಬಲ್ಬಿನ ಮ್ಯಾಲ ಹಾಯ್ದು ಹೋಗತಿತ್ತು, ಅದಕ್ಕ ಅವು ಮಿಣಿಮಿಣಿ. ಬ್ರೇಕ್ ಒತ್ತಿದ್ರ ಇಂಡಿಕೇಟರ್ ಮಿಣಕಿದ್ರ, ಅಥವಾ ಇಂಡಿಕೇಟರ್ ಹಾಕಿದ್ರ ಟೇಲ್ ಲೈಟು ಮಿಣಕಿದ್ರ, ಮೊದಲ ಅರ್ಥ್ ವೈರು ನೋಡ್ರಿ. ನೂರಕ್ಕ ತೊಂಬತ್ತು ಅದೇ ಇರತೈತಿ. ಕಾಕಾ ಚಾಸಿ ಮ್ಯಾಲಿನ ಬಣ್ಣ ಕೆರದು, ಬೆಳ್ಳಗ ಮಾಡಿ, ಹಸರು ವೈರು ಬೋಲ್ಟ್ ಕೆಳಗ ಬಿಗದ. ಎಲ್ಲಾ ಹತ್ತಿದವು. ಚಾ ಕುಡದು ಹೋದ, ರೊಕ್ಕ ತಗೋಲಿಲ್ಲ.

ವೈರು ತಗಡಿನ ತೂತಿನ್ಯಾಗಿಂದ ಹಾಯೂ ಜಾಗಕ್ಕ ರಬ್ಬರ್ ಬಳಿ ಹಾಕ್ರಿ. ಇಲ್ಲಂದ್ರ ನಮ್ಮ ದಾರಿಯ ಕುಲುಕಿಗೆ ತಗಡಿನ ಅಂಚು ವೈರಿನ ಸಿಪ್ಪಿ ಕೊಯ್ದು ಒಂದು ತಿಂಗಳಾಗ ಶಾರ್ಟ್ ಆಗತೈತಿ. ಹಳೆ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿದ್ರೂ ನಡೀತೈತಿ.

ಬಲ್ಬಿನ ಮಾತು. ಟೇಲ್ ಲೈಟಿನ ಬಲ್ಬಿನ್ಯಾಗ ಎರಡು ತಂತಿ. ಸಣ್ಣದು ಯಾವಾಗ್ಲೂ ಉರಿಯೂದು, ದೊಡ್ಡದು ಬ್ರೇಕಿಂದು. ಬಲ್ಬಿನ ಬಾಜೂಕಿನ ಎರಡು ಮೊಳಿ ಒಂದು ಮ್ಯಾಲ, ಒಂದು ಕೆಳಗ ಇರತಾವ, ಒಂದೇ ರೀತಿಯಿಂದ ಕುಂಡರಲಿ ಅಂತ. ಜೋರ ಮಾಡಿ ಉಲ್ಟಾ ತುರುಕಿದ್ರ ಯಾವಾಗ್ಲೂ ಬ್ರೇಕ್ ಹಿಡದಂಗ ಉರಿತಿರತೈತಿ, ನೀವು ನಿಜವಾಗ್ಲೂ ಬ್ರೇಕ್ ಹಿಡದದ್ದು ಹಿಂದಿನವ್ರಿಗೆ ಗೊತ್ತಾಗಂಗಿಲ್ಲ. ಹಳೆ ಗಾಡ್ಯಾಗ ಇನ್ನೊಂದು ಐತಿ: ಹೆಡ್‌ಲೈಟು, ಟೇಲ್ ಲೈಟು ಎರಡೂ ಮ್ಯಾಗ್ನೆಟ್ಟಿನ ಕರೆಂಟಿನ ಮ್ಯಾಲ, ಹಾರ್ನು, ಇಂಡಿಕೇಟರ್, ಬ್ರೇಕ್ ಲೈಟು ಬ್ಯಾಟ್ರಿ ಮ್ಯಾಲ. ಅದಕ್ಕ ಎಲ್‌ಇಡಿ ಟೇಲ್ ಲೈಟು ತಂದು ಹಂಗೇ ಹಾಕಿದ್ರ ಪಟಪಟ ಅಂತೈತಿ, ಬೇಗ ಸುಡತೈತಿ. ನಾ ಸಾದಾ ಬಲ್ಬೇ ಹಾಕೀನಿ. ಹೆಡ್‌ಲೈಟ್ ಬಲ್ಬ್ ಹೋದಾಗ ಹಂಗೇ ಓಡಿಸಬ್ಯಾಡ್ರಿ, ಅದು ತಿನ್ನೂ ಕರೆಂಟು ಟೇಲ್ ಬಲ್ಬಿಗೆ ಬಂದು ಅದನ್ನೂ ಸುಡೂ ಸಂಭವ ಐತಿ.

ಇದರಾಗ ನನಗ ಎದಿ ಝಲ್ ಅಂದ ಮಾತು ಒಂದು ಐತಿ. ಟೇಲ್ ಲೈಟು ಮ್ಯಾಗ್ನೆಟ್ಟಿನ ಮ್ಯಾಲ ಇದ್ದದ್ದಕ್ಕ ಇಂಜಿನ್ ಬಂದ್ ಆತಂದ್ರ ಅದೂ ಬಂದ್. ಅಂದ್ರ ಅವತ್ತು ಅಮಾಸಿ ರಾತ್ರಿ ನನ್ನ ಟೇಲ್ ಲೈಟು ಚೊಲೋ ಇದ್ದಿದ್ರೂ, ಇಂಜಿನ್ ಬಂದ್ ಮಾಡಿದ ಮ್ಯಾಲ ಅದು ಹತ್ತತಿರಲಿಲ್ಲ. ಎಣ್ಣಿ ತೀರಿ ನಿಂತ್ರ, ಪಂಚರ್ ಆಗಿ ನಿಂತ್ರ, ಹಿಂದಿನವ್ರಿಗೆ ನಾವು ಕಾಣೂದು ಒಂದೇ ಒಂದರಿಂದ: ಕೆಂಪು ರಿಫ್ಲೆಕ್ಟರ್. ಇಪ್ಪತ್ತು ರೂಪಾಯಿ ಸಾಮಾನು. ಕರೆಂಟು ಬ್ಯಾಡ, ವೈರು ಬ್ಯಾಡ, ಅವರ ಲೈಟು ಅವರಿಗೇ ತಿರಗಿ ಕೊಡತೈತಿ. ಡಬ್ಬಿ ಮಾಡಿದ್ದೂ ಅದೇ ಕೆಲಸ. ನಾ ಈಗ ನಂಬರ್ ಪ್ಲೇಟಿನ ಎರಡೂ ಬಾಜೂಕ ಒಂದೊಂದು ಹಚ್ಚೀನಿ. ರಾಡಿ ಹತ್ತಿದ್ರ ಅದೂ ಕುರುಡ. ಹೊಲದಿಂದ ರಸ್ತೆಗೆ ಏರೂ ಮುಂದ ಟಾವೆಲ್ಲಿಲೆ ಒಮ್ಮಿ ಒರಸ್ರಿ.

ನಂಬರ್ ಪ್ಲೇಟ್, ಹೇರು, ಖರ್ಚು

2019ರ ಏಪ್ರಿಲ್ 1ಕ್ಕಿಂತ ಮೊದಲ ನೋಂದಣಿ ಆದ ಗಾಡಿಗೆಲ್ಲಾ ಎಚ್‌ಎಸ್‌ಆರ್‌ಪಿ ಪ್ಲೇಟ್ ಹಾಕಸಬೇಕು ಅಂತ ನಮ್ಮ ಸರ್ಕಾರ 2023ರ ಆಗಸ್ಟ್‌ದಾಗ ಹೇಳೈತಿ. ನಾ ಅದನ್ನೂ ಹಾಕಿಸಿರಲಿಲ್ಲ, ಸುಳ್ಳು ಹೇಳಂಗಿಲ್ಲ. ಈ ಸಲ ಅದು ಲಾಭಾನೇ ಆತು. ಆ ಪ್ಲೇಟಿನ ಲಾಕ್ ಒಮ್ಮಿ ಹಾಕಿದ್ರ ಮುರದೇ ತಗೀಬೇಕು, ಮತ್ತ ಹಾಕಾಕ ಬರಂಗಿಲ್ಲ. ಅದಕ್ಕ ಮಡ್‌ಗಾರ್ಡ್ ಬದಲಿ ಮಾಡೂ ವಿಚಾರ ಇದ್ದವ್ರು ಮೊದಲ ಅದನ್ನ ಮಾಡಿ, ಆಮ್ಯಾಲ ಪ್ಲೇಟ್ ಹಾಕಸ್ರಿ. 15 ವರ್ಷ ದಾಟಿದ ಗಾಡಿ ಆರ್‌ಸಿ ಐದೈದು ವರ್ಷಕ್ಕ ನವೀಕರಣ ಮಾಡಸಬೇಕು. ಹೋಗೂ ಮುಂದ ಲೈಟು, ಬ್ರೇಕು ಎಲ್ಲಾ ಸರಿ ಇರಬೇಕು.

ಹೇರಿನ ಮಾತು ಬಾಳ ಮಂದಿ ಲಕ್ಷ್ಯ ಕೊಡಂಗಿಲ್ಲ. ಇಂಡಿ ಕಡೆ ನಿಂಬಿ ಚೀಲ ಹೇರತೀರಿ, ನಾವು ಮೇವಿನ ಸೂಡು, ಕಣಕಿ ಹೇರತೀವಿ. ಲೈಟು ಎಷ್ಟು ಚೊಲೋ ಇದ್ರೂ ಅದರ ಮ್ಯಾಲ ಚೀಲ ಜೋತು ಬಿದ್ರ ಕಾಣಂಗಿಲ್ಲ. ಹೇರಿದ ಮ್ಯಾಲ ಹತ್ತು ಹೆಜ್ಜಿ ಹಿಂದ ಹೋಗಿ ತಿರಗಿ ನೋಡ್ರಿ. ಲೈಟು ಮುಚ್ಚಿದ್ರ ಚೀಲದ ಮ್ಯಾಲ ರಿಫ್ಲೆಕ್ಟರ್ ಪಟ್ಟಿ ಹಚ್ಚಿದ ಹಗ್ಗ ಕಟ್ರಿ. ಟ್ರೇಲರ್ ಇದ್ದವ್ರಿಗೂ ಅದೇ ಮಾತು. ಕಬ್ಬು ಟ್ರೇಲರಿನ ಹಿಂದ ಜೋತು ಬಿದ್ದು ಪಟ್ಟಿ ಮುಚ್ಚತೈತಿ, ಕಬ್ಬಿನ ಮ್ಯಾಲೇ ಒಂದು ಕೆಂಪು ಪಟ್ಟಿ ಜೋತು ಬಿಡ್ರಿ. 2017ರ ಏಪ್ರಿಲ್‌ನಿಂದ ಬರೂ ಹೊಸ ಗಾಡಿಗೆ ಹೆಡ್‌ಲೈಟು ಇಂಜಿನ್ ಚಾಲೂ ಆದಕೂಡ್ಲೇ ತಾನೇ ಹತ್ತತೈತಿ. ನಮ್ಮ ಹಳೆವಕ್ಕ ಸ್ವಿಚ್ ನಾವೇ ಹಾಕಬೇಕು. ಹೊತ್ತು ಮುಳುಗೂ ಮುಂದ "ಇನ್ನೂ ಕಾಣತೈತಲ್ಲಾ" ಅಂತ ಹಾಕಂಗಿಲ್ಲ. ನಮಗ ದಾರಿ ಕಾಣತಿರತೈತಿ, ನಾವು ಮಂದಿಗೆ ಕಾಣಂಗಿಲ್ಲ.

ಖರ್ಚು ಕೇಳತೀರಿ, ಬರದಿಟ್ಟೀನಿ. ಹಳೆ ಮಡ್‌ಗಾರ್ಡ್, ಲೈಟು, ಇಂಡಿಕೇಟರ್ ಜೋಡಿ 700. ಬ್ಯಾಟ್ರಿ, 12 ವೋಲ್ಟ್ 2.5 ಎಎಚ್, 850. ಪಟ್ಟಿ, ವೆಲ್ಡಿಂಗ್ 100. ಬಲ್ಬ್, ವೈರು, ಟೇಪು 150. ರಿಫ್ಲೆಕ್ಟರ್ ಎರಡು 40. ಬ್ರೇಕ್ ಸ್ವಿಚ್ ಹೊಂದಿಸಿ ಕೊಟ್ಟ ಮಿಸ್ತ್ರಿಗೆ 200. ಒಟ್ಟು 2,040 ರೂಪಾಯಿ. ಒಂದು ಸಲ ತೊಗರಿಗೆ ಎಣ್ಣಿ ಹೊಡದಷ್ಟೂ ಆಗಲಿಲ್ಲ. ಇದಕ್ಕ ನಾ ಮಾನ್ನಮಿಯಿಂದ ಎಳ್ಳ ಅಮಾಸಿತನಾ ಕಾಯ್ದೆ.

ಎಲ್ಲಾ ಮುಗದ ದಿನ ಕತ್ತಲಾದ ಮ್ಯಾಲ ಹೆಣ್ತಿನ್ನ ಕರದೆ. "ಬಾ, ನೀನೇ ನೋಡಿ ಹೇಳು" ಅಂದೆ. ಊರ ಹೊರಗಿನ ದಾರ್ಯಾಗ ಆಕಿನ್ನ ನಿಲ್ಲಿಸಿ, ನಾ ಗಾಡಿ ಮ್ಯಾಲ ಮುಂದ ಹೋದೆ. ಲಗಳೂರು ಬಾವಿತನಾ ಹೋದೆ, ಕಾಣತೈತಿ ಅಂತ ಕೂಗಿದ್ಲು. ಬನ್ನಿಗಿಡದತನಾ ಹೋಗಿ ಬ್ರೇಕ್ ಒತ್ತಿದೆ, "ಕೆಂಪಗ ಆತ್ರಿ" ಅಂದ್ಲು. ಆಮ್ಯಾಲ ಇಂಜಿನ್ ಬಂದ್ ಮಾಡಿದೆ. ಟೇಲ್ ಲೈಟು ಹೋತು. ಮಗ ಆಕಿ ಬಾಜೂಕ ನಿಂತು ಬ್ಯಾಟ್ರಿ ಹೊಡದ.

ಅಷ್ಟು ದೂರದಿಂದ ಆಕಿ ಧ್ವನಿ ಕೇಳಿತು: "ಎರಡು ಕೆಂಪು ಚುಕ್ಕಿ ಕಾಣತಾವ್ರಿ. ಬರ್ರಿ ಇನ್ನ."

ತಿರಗಿ ಬಂದೆ. ಏನೂ ಅನ್ನಲಿಲ್ಲ, ಸೆರಗು ಸೊಂಟಕ್ಕ ಸಿಗಿಸಿಕೊಂಡು ಹಿಂದ ಹತ್ತಿ ಕುಂತ್ಲು. ಮನಿಗೆ ಬಂದ್ವಿ.

ಇವತ್ತು ಸಂಜಿಮುಂದ ನೀವೂ ಒಂದು ಕೆಲಸ ಮಾಡ್ರಿ. ಗಾಡಿ ಚಾಲೂ ಮಾಡಿ, ಲೈಟು ಹಾಕಿ, ಇಳದು ಹಿಂದ ಹೋಗಿ ನೋಡ್ರಿ. ಬ್ರೇಕ್ ಒತ್ತಾಕ ಮಕ್ಕಳಿಗೆ ಹೇಳ್ರಿ. ಆಮ್ಯಾಲ ಇಂಜಿನ್ ಬಂದ್ ಮಾಡಿ ಬ್ಯಾಟ್ರಿ ಹೊಡದು ನೋಡ್ರಿ. ಹತ್ತು ನಿಮಿಷದ ಕೆಲಸ. ಪಟ್ಟಿ ಅಳತಿ ಬೇಕಾದವ್ರು ಸಿಂದಗಿ ಸಂತ್ಯಾಗ ಸಿಗ್ರಿ, ಗಾಡಿ ತಂದಿರತೀನಿ, ನೋಡಿ ಅಳಕೊಳ್ರಿ.

ಮುಂದಿನ ಸಲ ತೊಗರಿ ರಾಶಿ ಮಾತು ಬರೀತೀನಿ. ಶರಣ್ರಿ.